ಕಮಾನು ಯಾರ ಕೈಯಲ್ಲಿತ್ತು?

ನಮ್ಮ ಸಂಗೀತ ಚರಿತ್ರೆಯ ಪುಸ್ತಕಗಳಲ್ಲಿ ಪಿಟೀಲಿನ ಕಥೆ ಶುರುವಾಗೋದು ಮದರಾಸಿನ ಬಿಳಿಯರಿಂದ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಯುರೋಪಿನ ವಾದಕನೊಬ್ಬನಿಂದ ಅದನ್ನು ಕಲಿತರು. ತಂಜಾವೂರಿನ ವಡಿವೇಲುವಿಗೆ ತಿರುವಾಂಕೂರಿನ ದೊರೆ ಸ್ವಾತಿ ತಿರುನಾಳ್ 1834ರಲ್ಲಿ ದಂತದ ಪಿಟೀಲು ಕೊಟ್ಟ. ತಿರುಮಕೂಡಲಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು. ಫಿಡಲ್ ಎಂಬ ಮಾತು ನಮ್ಮ ಬಾಯಲ್ಲಿ ಪಿಟೀಲು ಆಯಿತು. ಬೆಂಗಳೂರಿನಲ್ಲಿ 1980ರ ಹೊತ್ತಿಗೆ ಪಿಟೀಲಿನ ಆಕಾರದ ಸಭಾಂಗಣವೇ ಎದ್ದು ನಿಂತಿತು. ನಾನೂ ಈ ಪಾಠವನ್ನು ಉರು ಹೊಡೆದು ಸೀನಿಯರ್ ಪರೀಕ್ಷೆ ಪಾಸು ಮಾಡಿದವನೇ.

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕಮಾನಿನಿಂದ ತಂತಿ ಉಜ್ಜಿ ನಾದ ತೆಗೆಯುವ ವಿದ್ಯೆ ಹಡಗಿನಲ್ಲಿ ಬಂತು ಎಂಬ ಭಾವನೆಯನ್ನು ಇದು ಸದ್ದಿಲ್ಲದೆ ಬಿತ್ತುತ್ತದೆ. 13ನೇ ಶತಮಾನದಲ್ಲಿ ದೇವಗಿರಿಯಲ್ಲಿ ಕೂತು ಶಾರ್ಙ್ಗದೇವ ಬರೆದ ‘ಸಂಗೀತ ರತ್ನಾಕರ’ದಲ್ಲಿ ಕಮಾನಿನಿಂದ ನುಡಿಸುವ ಪಿನಾಕಿ ವೀಣೆಯ ಪ್ರಸ್ತಾಪವಿದೆ. ಪುಸ್ತಕ ಬಿಡಿ. ರಾಜಸ್ಥಾನದ ನಾಯಕ ಜಾತಿಯ ಭೋಪಾಗಳು ಪಾಬೂಜಿಯ ಕಥೆ ಹಾಡುವಾಗ ನುಡಿಸೋದು ತೆಂಗಿನ ಚಿಪ್ಪಿನ ರಾವಣಹತ್ತ. ಕೇರಳದ ಪುಳ್ಳುವರು ನಾಗನ ಮುಂದೆ ನುಡಿಸೋದು ಒಂಟಿ ತಂತಿಯ ಪುಳ್ಳುವ ವೀಣೆ. ನಾಯಕರೂ ಪುಳ್ಳುವರೂ ತಂತಮ್ಮ ರಾಜ್ಯಗಳ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಅಂದರೆ ಕಮಾನು ಈ ನೆಲದಲ್ಲಿ ಇತ್ತು. ಮುಟ್ಟಿಸಿಕೊಳ್ಳದವರ ಕೈಯಲ್ಲಿ ಇತ್ತು. ಕಂಪನಿಯವರ ಕೈಯಿಂದ ಬಂದಾಗ ಅದು ಸಭೆಗೆ ಏರಿತು.

ಚರ್ಮದ ಮೈಲಿಗೆಯೇ ಇದಕ್ಕೆ ಕಾರಣವಿರಬೇಕು ಅಂತ ಕೆಲವು ಗೆಳೆಯರು ವಾದಿಸ್ತಾರೆ. ಪುಳ್ಳುವ ವೀಣೆಯ ಬುರುಡೆಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು, ಪಿಟೀಲಿಗಾದರೆ ಬರೀ ಮರ. ನನಗೆ ಈ ವಾದ ಸಾಲದು ಅನ್ನಿಸುತ್ತೆ. ಪಕ್ಕದಲ್ಲೇ ಕೂರುವ ಮೃದಂಗಕ್ಕೆ ಹಸು, ಎಮ್ಮೆ, ಮೇಕೆ ಮೂರರ ಚರ್ಮವೂ ಬೇಕು. ಅದನ್ನು ಹದ ಮಾಡಿ ಬಿಗಿಯುವ ದಲಿತ ಕ್ರೈಸ್ತ ಕುಶಲಿಗಳ ಬಗ್ಗೆ ಟಿ.ಎಂ. ಕೃಷ್ಣ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಬರೆದದ್ದು 2020ರಲ್ಲಿ. ಅಷ್ಟು ತಡವಾಗಿ! ಹಳೆಯ ಪಿಟೀಲಿನ ತಂತಿಯಾದರೂ ಏನು, ಪ್ರಾಣಿಯ ಕರುಳು. ಮೈಲಿಗೆ ವಸ್ತುವಿನಲ್ಲಿ ಇರಲಿಲ್ಲ, ಅದನ್ನು ಹಿಡಿದ ಕೈಯಲ್ಲಿ ಇದೆ ಅಂತ ಅವರು ನೋಡಿದರು.

ಆಲಪ್ಪುಳದ ಕಡೆ ಒಬ್ಬ ಹಿರಿಯ ಪುಳ್ಳುವರ ಬಳಿ ನಾನು ಈ ವೀಣೆ ಕಲಿಯೋಕೆ ಕೂತಾಗ ಚರಿತ್ರೆ ಬಲಗೈ ಮಣಿಕಟ್ಟಿನಲ್ಲಿ ಎಡವಿತು. ಸಭಾ ಸಂಗೀತದಲ್ಲಿ ಉದ್ದ ಕಮಾನು ದೊಡ್ಡ ಗುಣ. ಎಳೆತ ಮುಗಿದು ತಳ್ಳುವುದು ಶುರುವಾಗುವ ಜಾಗ ಕೇಳಿಸಬಾರದು, ಪಿಟೀಲು ಉಸಿರೇ ಬಿಡದ ಗಾಯಕನ ಹಾಗೆ ಹಾಡಬೇಕು. ಪುಳ್ಳುವರ ಕಮಾನಿಗೆ ಗೆಜ್ಜೆ ಕಟ್ಟಿರುತ್ತೆ. ಕೈ ತಿರುಗಿದಾಗಲೆಲ್ಲ ಅದು ಘಲ್ ಅನ್ನಬೇಕು. ನಾವು ಮುಚ್ಚಿಡುವ ಜಾಗವೇ ಅವರಿಗೆ ತಾಳ. ಒಂದೇ ಕೈ ಸ್ವರವನ್ನೂ ಲಯವನ್ನೂ ಹೊರುತ್ತೆ, ಬಾಯಿ ಹಾಡುತ್ತೆ. ಪಕ್ಕದಲ್ಲಿ ಪುಳ್ಳುವತ್ತಿ ಕುಡದ ತಂತಿ ಮೀಟುತ್ತಾಳೆ. ಮಣ್ಣಿನ ಕೊಡದ ತಳಕ್ಕೆ ಚರ್ಮ ಬಿಗಿದು ತಂತಿ ಕಟ್ಟಿದ ವಾದ್ಯ ಅದು, ನೆಲದೊಳಗಿಂದ ಬಂದ ಹಾಗೆ ಗುಮ್ಮೆನ್ನುತ್ತೆ. ನನ್ನ ಉದ್ದುದ್ದ ಎಳೆತ ಕೇಳಿ ಆಶಾನ್ ನಕ್ಕರು: “ಮಾಷೇ, ಹಾವಿಗೆ ಜೋಗುಳ ಹಾಡ್ತಿದ್ದೀರಿ. ಅದು ಏಳಬೇಕು, ಮಲಗಬಾರದು.” ಸರ್ಪಂ ತುಳ್ಳಲ್‌ನಲ್ಲಿ ಪುಡಿಬಣ್ಣದಲ್ಲಿ ನಾಗಗಳನ್ನು ಬರೆದ ಕಳದ ಮೇಲೆ ಮನೆಯ ಹೆಣ್ಣುಮಕ್ಕಳು ಕೂರುತ್ತಾರೆ. ಹಾಡು ಬಿರುಸಾದ ಹಾಗೆ ಮೈದುಂಬಿ, ಕೈಯಲ್ಲಿನ ಅಡಿಕೆ ಹಿಂಗಾರದಿಂದ ಕಳ ಅಳಿಸುತ್ತಾರೆ. ಈ ಕೆಲಸ ಮಾಡಿಸುವ ನಾದವನ್ನು ‘ಸರಳ’ ಎಂದು ಕರೆಯುವ ನಮ್ಮ ಜಾನಪದ ಪಂಡಿತರು ಒಮ್ಮೆ ಆ ಕಮಾನು ಹಿಡಿದು ನೋಡಬೇಕು.

ಆ ಕಳ ಹಾಕಿಸುತ್ತಿದ್ದ ಮನೆಗಳು ಬಹುಪಾಲು ನಾಯರ್, ನಂಬೂದಿರಿಗಳವು. ನಾಗನಿಗೆ ಪುಳ್ಳುವರ ಹಾಡು ಬೇಕು, ಮನೆಯವರಿಗೆ ಅವರ ನೆರಳು ಬೇಡ. ತಿರುವಾಂಕೂರಿನ ದೇವಾಲಯಗಳ ಬಾಗಿಲು ಕಾನೂನಿನ ಪ್ರಕಾರ ತೆರೆದದ್ದು 1936ರ ನವೆಂಬರ್ 12ರಂದು. ಈಗ ಹರಿಪ್ಪಾಡಿನ ಮಣ್ಣಾರಶಾಲ ನಾಗ ಕ್ಷೇತ್ರದಲ್ಲಿ ಪುಳ್ಳುವರು ಕೂತು ಭಕ್ತರ ಮಕ್ಕಳ ಹೆಸರಲ್ಲಿ ಹಾಡುತ್ತಾರೆ.

1909ರಲ್ಲಿ ಥರ್ಸ್ಟನ್ ದಾಖಲಿಸಿದ ಪುಳ್ಳುವರ ಕಥೆಯೊಂದಿದೆ. ಖಾಂಡವ ವನ ಸುಡುವಾಗ ಮೈ ಬೆಂದ ಹಾವೊಂದು ತಪ್ಪಿಸಿಕೊಂಡು ಬಂತು. ನೀರಿಗೆ ಬಂದ ಹೆಂಗಸರು ಕೊಡಗಟ್ಟಲೆ ನೀರು ಸುರಿದರು, ಕೊಡದೊಳಗೆ ಅದಕ್ಕೆ ಆಸರೆ ಕೊಟ್ಟರು. ಮಹಾಭಾರತದಲ್ಲಿ ಅದು ಅಗ್ನಿಯ ಹಸಿವು ತೀರಿಸಿದ ಅರ್ಜುನನ ಸಾಹಸ. ಇವರ ಬಾಯಲ್ಲಿ ಸುಟ್ಟವರ ಕಥೆ ಇಲ್ಲ, ಬೆಂದವರ ಕಥೆ ಇದೆ. 1956ರ ಅಕ್ಟೋಬರ್‌ನಲ್ಲಿ ಬಾಬಾಸಾಹೇಬರು ನಾಗಪುರವನ್ನೇ ದೀಕ್ಷೆಗೆ ಆರಿಸಿದ್ದು ಯಾಕೆ ಎಂದು ವಿವರಿಸುತ್ತಾ ನಾಗರನ್ನು ನೆನೆದದ್ದು ನಮಗೆಲ್ಲ ಗೊತ್ತು. ಪುಳ್ಳುವರು ಆ ಭಾಷಣ ಓದಿ ಹಾಡು ಕಟ್ಟಿದವರಲ್ಲ. ಅಂಥ ಜ್ಞಾಪಕ ಅವರಲ್ಲಿ ಮೊದಲೇ ಇತ್ತು. ನಮ್ಮ ವಿಮರ್ಶೆ ಅಕ್ಷರದಲ್ಲಿ ಮಾತ್ರ ದಲಿತ ಚರಿತ್ರೆ ಹುಡುಕಿದರೆ ಇದು ಕೈಗೆ ಸಿಗಲ್ಲ.

ಹಾಗಂತ ಈ ವೀಣೆಯನ್ನು ತಲೆ ಮೇಲೆ ಹೊತ್ತು ಕುಣಿಯೋದೂ ಸಲೀಸಲ್ಲ. ಹೊಲೆಗೇರಿಯಿಂದ ಬಂದ ನಾನು ಪಿಟೀಲಿನ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದರೆ ಜನ ನನ್ನನ್ನು ಬೇರೆ ಜಾತಿಯವನು ಅಂದ್ಕೋತಾರೆ. ಆಶಾನ್ ತಮ್ಮ ವೀಣೆ ಹಿಡಿದು ಹತ್ತಿದರೆ ಜಾತಿ ಕೇಳಬೇಕಾಗಿಯೇ ಇಲ್ಲ. ಅವರ ಮಗ ಇದೇ ಕಾರಣಕ್ಕೆ ಅದನ್ನು ಮುಟ್ಟಲ್ಲ. ಆ ಹುಡುಗನಿಗೆ ‘ಪರಂಪರೆ ಉಳಿಸಪ್ಪಾ’ ಅನ್ನೋ ಬಾಯಿ ನನಗಿಲ್ಲ. ನಮ್ಮಲ್ಲಿ ತಮಟೆ ಬಿಸಾಕಿ ಅಂದವರೂ ನಮ್ಮವರೇ, ತಮಟೆಯನ್ನೇ ಹೋರಾಟದ ದನಿ ಮಾಡಿಕೊಂಡವರೂ ನಮ್ಮವರೇ. ಇಬ್ಬರ ಮಾತಲ್ಲೂ ನ್ಯಾಯವಿದೆ.

ಸರ್ಕಾರದ ಲೆಕ್ಕ ಬೇರೆ. ಕೇರಳದಲ್ಲೂ ನಮ್ಮಲ್ಲೂ ಸಂಗೀತಕ್ಕೆ ಒಂದು ಅಕಾಡೆಮಿ, ಜಾನಪದಕ್ಕೆ ಇನ್ನೊಂದು. ನನ್ನ ಪಿಟೀಲು ಮೊದಲನೆಯದಕ್ಕೆ ಸೇರಿದ್ದು, ಆಶಾನರ ವೀಣೆ ಎರಡನೆಯದಕ್ಕೆ. ಮಾರ್ಗ, ದೇಸಿ ಅಂತ ನಾವು ಬರೆಯುವ ಲೇಖನಗಳೂ ಎಷ್ಟೋ ಸಲ ಈ ಗೋಡೆಗೆ ಸುಣ್ಣ ಹೊಡೆದಿವೆ ಅಷ್ಟೆ.

ನಾನು ಪುಳ್ಳುವ ವೀಣೆ ಕಲಿತದ್ದು ತಿಳಿದು ಒಂದು ಸಭಾದವರು ನನ್ನನ್ನು ಕರೆದರು: ಕಛೇರಿ ಕೊನೆಗೆ ಹತ್ತು ನಿಮಿಷ ಅದನ್ನೂ ನುಡಿಸಿ, ಜನಕ್ಕೆ ಹೊಸದಾಗಿರುತ್ತೆ. ಆಶಾನ್ ಮತ್ತು ಅವರ ಹೆಂಡತಿಯನ್ನು ಕರೆಸಿ, ಪೂರ್ತಿ ಸಂಜೆ ಕೊಡಿ, ನನಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಡಿ, ಬೇಕಿದ್ದರೆ ನಾನು ಹಿಂದೆ ಕೂತು ಕೈತಾಳ ಹಾಕ್ತೀನಿ ಅಂದೆ. ಕಮಿಟಿಯಲ್ಲಿ ಕೇಳಿ ಹೇಳ್ತೀವಿ ಅಂದಿದ್ದಾರೆ.