ವಿಲ್ಯಾನ್‌ಗಳ ನಡುವಿನ ರೂಟಿಂಗ್: ದೋಷಪತ್ತೆ

ಒಂದೇ ಸ್ವಿಚ್ಚಿಗೆ ಜೋಡಿಸಿದ ಕಂಪ್ಯೂಟರುಗಳನ್ನು ಗುಂಪುಗಳಾಗಿ ಒಡೆದು, ಪ್ರತಿ ಗುಂಪನ್ನೂ ಪ್ರತ್ಯೇಕ ಜಾಲದಂತೆ ನಡೆಸುವ ವ್ಯವಸ್ಥೆಗೆ ವರ್ಚುವಲ್ ಲ್ಯಾನ್, ಚಿಕ್ಕದಾಗಿ ವಿಲ್ಯಾನ್, ಎಂದು ಹೆಸರು. ಒಂದು ವಿಲ್ಯಾನ್‌ನ ಬ್ರಾಡ್‌ಕಾಸ್ಟ್ ಇನ್ನೊಂದಕ್ಕೆ ತಲುಪುವುದಿಲ್ಲ. ಲೆಕ್ಕಪತ್ರ ವಿಭಾಗದ ಕಂಪ್ಯೂಟರು ಬೇರೆ ವಿಲ್ಯಾನ್‌ನಲ್ಲಿರುವ ಪ್ರಿಂಟರನ್ನು ಮುಟ್ಟಬೇಕಾದರೆ ನಡುವೆ ಒಂದು ರೂಟರು ಬೇಕು, ಇಲ್ಲವೇ ಸ್ವಿಚ್ಚೇ ರೂಟಿಂಗ್ ಬಲ್ಲದ್ದಾಗಿರಬೇಕು. ಈ ದಾರಿ ಎಲ್ಲಿ ಕಡಿದಿದೆ ಎಂದು ಹುಡುಕುವುದು ನೆಟ್‌ವರ್ಕ್ ಇಂಜಿನಿಯರುಗಳ ನಿತ್ಯದ ಕೆಲಸಗಳಲ್ಲೊಂದು.

ಇಂದಿನ ವಿಲ್ಯಾನ್‌ಗಳಿಗೆ ಆಧಾರ 1998ರಲ್ಲಿ ಪ್ರಕಟವಾದ ಐಇಇಇ 802.1ಕ್ಯೂ ಮಾನಕ. ಅದರಂತೆ ಈಥರ್‌ನೆಟ್ ಫ್ರೇಮಿನಲ್ಲಿ ಕಳಿಸುವವರ ಮ್ಯಾಕ್ ವಿಳಾಸದ ಬೆನ್ನಿಗೇ 4 ಬೈಟುಗಳ ಟ್ಯಾಗ್ ಸೇರುತ್ತದೆ. 1518 ಬೈಟುಗಳಿದ್ದ ಗರಿಷ್ಠ ಗಾತ್ರ 1522 ಆಗುತ್ತದೆ. ವಿಲ್ಯಾನ್ ಸಂಖ್ಯೆಗೆ ಮೀಸಲಾದದ್ದು 12 ಬಿಟ್. ಆದ್ದರಿಂದ 0 ಮತ್ತು 4095ನ್ನು ಬಿಟ್ಟು 4094 ವಿಲ್ಯಾನ್‌ಗಳು ಬಳಕೆಗೆ ಸಿಗುತ್ತವೆ. ಹಲವು ವಿಲ್ಯಾನ್‌ಗಳನ್ನು ಒಂದೇ ಕೇಬಲ್ಲಿನಲ್ಲಿ ಸಾಗಿಸುವ ಕೊಂಡಿಯನ್ನು ಟ್ರಂಕ್ ಎನ್ನುತ್ತಾರೆ.

ರೂಟಿಂಗ್ ಎರಡು ಬಗೆಯಲ್ಲಿ ನಡೆಯುತ್ತದೆ. ಟ್ರಂಕ್ ಕೇಬಲ್ಲನ್ನು ಹೊರಗಿನ ರೂಟರಿಗೆ ಎಳೆದು, ಪ್ರತಿ ವಿಲ್ಯಾನ್‌ಗೂ ಅಲ್ಲೊಂದು ಸಬ್‌ಇಂಟರ್‌ಫೇಸ್ ಕೊಡುವುದು ಹಳೆಯ ಕ್ರಮ. ‘ರೂಟರ್ ಆನ್ ಎ ಸ್ಟಿಕ್’ ಎಂದು ಅದರ ಅಡ್ಡಹೆಸರು. ಎರಡನೆಯ ಕ್ರಮದಲ್ಲಿ ರೂಟಿಂಗ್ ಬಲ್ಲ ಸ್ವಿಚ್ಚೇ ಆ ಕೆಲಸ ಮಾಡುತ್ತದೆ. ಇಂಥ ಲೇಯರ್ 3 ಸ್ವಿಚ್ಚುಗಳಲ್ಲಿ ಪ್ರತಿ ವಿಲ್ಯಾನ್‌ಗೂ ಎಸ್‌ವಿಐ ಎಂಬ ಕಾಲ್ಪನಿಕ ಇಂಟರ್‌ಫೇಸ್ ಇರುತ್ತದೆ. ಅದರ ಐಪಿ ವಿಳಾಸವೇ ಆ ವಿಲ್ಯಾನ್‌ನ ಕಂಪ್ಯೂಟರುಗಳಿಗೆ ಡಿಫಾಲ್ಟ್ ಗೇಟ್‌ವೇ.

ಎಸ್‌ವಿಐ ಏಳದಿರುವುದು ತೀರಾ ಸಾಮಾನ್ಯ ದೋಷ. ಸಿಸ್ಕೋ ಸ್ವಿಚ್ಚುಗಳಲ್ಲಿ ಅದು ಜೀವಂತವಾಗಲು ಮೂರು ಷರತ್ತುಗಳಿವೆ: ಆ ಸಂಖ್ಯೆಯ ವಿಲ್ಯಾನ್ ಸೃಷ್ಟಿಯಾಗಿರಬೇಕು, ಎಸ್‌ವಿಐ ಶಟ್‌ಡೌನ್ ಆಗಿರಬಾರದು, ಆ ವಿಲ್ಯಾನ್‌ನ ಒಂದಾದರೂ ಪೋರ್ಟ್ ಸ್ಪ್ಯಾನಿಂಗ್ ಟ್ರೀ ಫಾರ್ವರ್ಡಿಂಗ್ ಸ್ಥಿತಿಯಲ್ಲಿರಬೇಕು. ಯಾವ ಯಂತ್ರವೂ ಜೋಡಣೆಯಾಗದ ಹೊಸ ವಿಲ್ಯಾನ್‌ಗೆ ವಿಳಾಸ ಕೊಟ್ಟು, ಅದು ಡೌನ್ ಎಂದು ತೋರಿದಾಗ ತಲೆ ಕೆಡಿಸಿಕೊಳ್ಳುವವರು ಮರೆಯುವುದು ಈ ಮೂರನೆಯದನ್ನು. ‘ಶೋ ಐಪಿ ಇಂಟರ್‌ಫೇಸ್ ಬ್ರೀಫ್’ ಆದೇಶ ಸ್ಥಿತಿಯನ್ನು ಒಂದೇ ಸಾಲಿನಲ್ಲಿ ಹೇಳುತ್ತದೆ.

ಎಲ್ಲ ಎಸ್‌ವಿಐಗಳೂ ಅಪ್ ಆಗಿದ್ದು ಪ್ಯಾಕೆಟ್ ಮಾತ್ರ ದಾಟದಿದ್ದರೆ ರೂಟಿಂಗ್ ಚಾಲೂ ಇದೆಯೇ ಎಂದು ನೋಡಬೇಕು. ಕ್ಯಾಟಲಿಸ್ಟ್ 3560, 3750ರಂಥ ಮಾದರಿಗಳಲ್ಲಿ ‘ಐಪಿ ರೂಟಿಂಗ್’ ಆದೇಶ ಕೊಡುವವರೆಗೆ ಆ ಸಾಮರ್ಥ್ಯ ಸುಮ್ಮನೆ ಮಲಗಿರುತ್ತದೆ. ಅದನ್ನು ಎಬ್ಬಿಸಿದೊಡನೆ ಇನ್ನೊಂದು ತೊಡಕು: ಅದುವರೆಗೆ ಕೆಲಸ ಮಾಡುತ್ತಿದ್ದ ‘ಐಪಿ ಡಿಫಾಲ್ಟ್-ಗೇಟ್‌ವೇ’ ಸಾಲನ್ನು ಸ್ವಿಚ್ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಅದರ ಬದಲು 0.0.0.0ಕ್ಕೆ ಡಿಫಾಲ್ಟ್ ರೂಟ್ ಬರೆಯಬೇಕು.

ಟ್ರಂಕಿನ ತಪ್ಪುಗಳು ಇನ್ನೊಂದು ಬಗೆಯವು. ಟ್ರಂಕಿನಲ್ಲಿ ಯಾವ ವಿಲ್ಯಾನ್‌ಗಳಿಗೆ ಪ್ರವೇಶ ಎಂಬ ಪಟ್ಟಿ ಇರುತ್ತದೆ. ಅದಕ್ಕೆ 20ನ್ನು ಸೇರಿಸಲು ಹೊರಟವರು ‘ಆ್ಯಡ್’ ಪದವನ್ನು ಬಿಟ್ಟು ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 20’ ಎಂದಷ್ಟೇ ಒತ್ತಿದರೆ, ಹಳೆಯ ಪಟ್ಟಿ ಅಳಿದು 20 ಒಂದೇ ಉಳಿಯುತ್ತದೆ. ಮಿಕ್ಕ ವಿಲ್ಯಾನ್‌ಗಳೆಲ್ಲ ಆ ಕ್ಷಣವೇ ಕಡಿದುಹೋಗುತ್ತವೆ. ಟ್ಯಾಗ್ ಇಲ್ಲದೆ ಸಾಗುವ ನೇಟಿವ್ ವಿಲ್ಯಾನ್ ಎರಡು ತುದಿಗಳಲ್ಲಿ ಬೇರೆಬೇರೆಯಾಗಿದ್ದರೆ ಒಂದರ ಫ್ರೇಮು ಇನ್ನೊಂದರೊಳಗೆ ನುಸುಳುತ್ತದೆ. ಎರಡೂ ತುದಿಯಲ್ಲಿ ‘ಶೋ ಇಂಟರ್‌ಫೇಸಸ್ ಟ್ರಂಕ್’ ಓಡಿಸಿ ಹೋಲಿಸಿದರೆ ಇವೆರಡೂ ಬಯಲಾಗುತ್ತವೆ.

ಕೆಲವೊಮ್ಮೆ ಸ್ವಿಚ್ ನಿರಪರಾಧಿ. 192.168.10.25 ವಿಳಾಸದ ಕಂಪ್ಯೂಟರಿಗೆ 255.255.255.0 ಬದಲು 255.255.0.0 ಮಾಸ್ಕ್ ಕೊಟ್ಟರೆ, 192.168.20.40ರ ಪ್ರಿಂಟರು ತನ್ನ ಜಾಲದಲ್ಲೇ ಇದೆ ಎಂದು ಅದು ಭಾವಿಸುತ್ತದೆ. ಗೇಟ್‌ವೇಯ ಗೊಡವೆಗೆ ಹೋಗದೆ ನೇರವಾಗಿ ಎಆರ್‌ಪಿ ಕೂಗು ಹಾಕುತ್ತದೆ; ಕೂಗು ತನ್ನ ವಿಲ್ಯಾನ್ ದಾಟದು. ಆದರೆ ಸಿಸ್ಕೋ ಐಒಎಸ್‌ನಲ್ಲಿ ಪ್ರಾಕ್ಸಿ ಎಆರ್‌ಪಿ ಮೊದಲಿನಿಂದಲೇ ಚಾಲೂ ಇರುವುದರಿಂದ ಸ್ವಿಚ್ಚೇ ಪ್ರಿಂಟರಿನ ಪರವಾಗಿ ಉತ್ತರ ಕೊಟ್ಟು ಕೆಲಸ ಸಾಗಿಸಿಬಿಡಬಹುದು. ಹೀಗೆ ಮುಚ್ಚಿಹೋದ ತಪ್ಪು, ಆ ಸೌಲಭ್ಯವಿಲ್ಲದ ಸ್ವಿಚ್ ಬಂದ ದಿನ ತಲೆಯೆತ್ತುತ್ತದೆ, ದೂರು ಮಾತ್ರ ಹೊಸ ಸ್ವಿಚ್ಚಿನ ಮೇಲೆ ಬೀಳುತ್ತದೆ.

ಹುಡುಕಾಟದ ಕ್ರಮ ದಾರಿಯನ್ನು ತುಂಡುಮಾಡಿ ನೋಡುವುದು. ಮೊದಲು ಕಂಪ್ಯೂಟರಿನಿಂದ ತನ್ನದೇ ಗೇಟ್‌ವೇಗೆ ಪಿಂಗ್. ಉತ್ತರವಿಲ್ಲದಿದ್ದರೆ ತೊಂದರೆ ಕೇಬಲ್, ಪೋರ್ಟ್, ಟ್ರಂಕ್, ಎಸ್‌ವಿಐ ಇವುಗಳ ನಡುವೆ ಇದೆ. ರೂಟಿಂಗ್ ವಿಚಾರ ಇನ್ನೂ ಬಂದೇ ಇಲ್ಲ. ಉತ್ತರ ಬಂದರೆ ಎದುರು ವಿಲ್ಯಾನ್‌ನ ಗೇಟ್‌ವೇಗೆ, ಆಮೇಲೆ ಆ ಕಡೆಯ ಯಂತ್ರಕ್ಕೆ. ಪ್ರತಿ ರೂಟರಿನಲ್ಲೂ ಒಂದೊಂದು ಕಡಿಮೆಯಾಗುವ ಟಿಟಿಎಲ್ ಸಂಖ್ಯೆಯೂ ಉತ್ತರದಲ್ಲಿ ಸಾಕ್ಷಿ ಹೇಳುತ್ತದೆ: ವಿಂಡೋಸ್ ಯಂತ್ರ 128ರಿಂದ ಆರಂಭಿಸುವುದರಿಂದ 127 ಕಂಡರೆ ಪ್ಯಾಕೆಟ್ ಒಂದು ರೂಟರನ್ನು ದಾಟಿದೆ ಎಂದರ್ಥ.

ಎರಡನೆಯ ಗೇಟ್‌ವೇ ಉತ್ತರಿಸಿ ಯಂತ್ರ ಮೌನವಾಗಿದ್ದರೆ ಅನುಮಾನ ಮರಳುವ ದಾರಿಯ ಮೇಲೆ ಹೋಗಬೇಕು. ಪಿಂಗ್ ಎಂದರೆ ಹೋಗಿಬರುವ ಪಯಣ. ಆಚೆಯ ಯಂತ್ರದಲ್ಲಿ ಗೇಟ್‌ವೇ ತಪ್ಪಿದ್ದರೆ ಪ್ಯಾಕೆಟ್ ತಲುಪಿದರೂ ಉತ್ತರ ಹೊರಡುವುದಿಲ್ಲ. ಸ್ವಿಚ್ಚಿನಿಂದಲೇ ಎರಡು ಪಿಂಗ್ ಮಾಡಿ ಇದನ್ನು ಖಚಿತಪಡಿಸಿಕೊಳ್ಳಬಹುದು. ಯಂತ್ರವಿರುವ ವಿಲ್ಯಾನ್‌ನ ಎಸ್‌ವಿಐ ಮೂಲವಾಗಿದ್ದಾಗ ಗೆದ್ದು, ಬೇರೆ ವಿಲ್ಯಾನ್‌ನ ಎಸ್‌ವಿಐ ಮೂಲವಾದಾಗ ಸೋತರೆ ಗೇಟ್‌ವೇ ತಪ್ಪಿದೆ, ಇಲ್ಲವೇ ಫೈರ್‌ವಾಲ್ ತಡೆಯುತ್ತಿದೆ. ತನ್ನ ಸಬ್‌ನೆಟ್ಟಿನವರ ಪಿಂಗ್‌ಗೆ ಮಾತ್ರ ಉತ್ತರಿಸುವ ನಿಯಮ ವಿಂಡೋಸ್ ಫೈರ್‌ವಾಲಿನಲ್ಲಿ ಉಂಟು. ಸ್ವಿಚ್ಚಿನ ಆ್ಯಕ್ಸೆಸ್ ಲಿಸ್ಟುಗಳನ್ನೂ ಮರೆಯುವಂತಿಲ್ಲ. ಅವುಗಳ ಕೊನೆಯಲ್ಲಿ ಕಣ್ಣಿಗೆ ಕಾಣದ ‘ಎಲ್ಲವನ್ನೂ ತಡೆ’ ಎಂಬ ಸಾಲು ಇದ್ದೇ ಇರುತ್ತದೆ.

ಕಂಪ್ಯೂಟರಿಗೆ 169.254ರಿಂದ ಶುರುವಾಗುವ ವಿಳಾಸ ಬಂದಿದ್ದರೆ ಅದು ಡಿಎಚ್‌ಸಿಪಿ ಸರ್ವರನ್ನು ಮುಟ್ಟಿಲ್ಲ. ವಿಳಾಸ ಕೇಳುವ ಕೋರಿಕೆ ಬ್ರಾಡ್‌ಕಾಸ್ಟ್ ಆದ್ದರಿಂದ ಸರ್ವರು ಬೇರೆ ವಿಲ್ಯಾನ್‌ನಲ್ಲಿದ್ದರೆ ಎಸ್‌ವಿಐ ಮೇಲೆ ‘ಐಪಿ ಹೆಲ್ಪರ್-ಅಡ್ರೆಸ್’ ಬರೆದು ಅದನ್ನು ದಾಟಿಸಬೇಕು.

ಸ್ವಿಚ್ ಬದಲಿಸಿದ ಮೇಲೆ ಕಾಣುವ ಒಂದು ದೋಷಕ್ಕೆ ಬೇರೆಯದೇ ಕಾರಣವಿದೆ. ವಿಲ್ಯಾನ್‌ಗಳ ಪಟ್ಟಿಯನ್ನು ಸ್ವಿಚ್ಚುಗಳ ನಡುವೆ ಹಂಚುವ ವಿಟಿಪಿಯಲ್ಲಿ ಸರ್ವರ್ ಸ್ಥಿತಿಯಲ್ಲಿರುವ ಸಿಸ್ಕೋ ಸ್ವಿಚ್ ಆ ಪಟ್ಟಿಯನ್ನು ಸ್ಟಾರ್ಟಪ್ ಕಾನ್ಫಿಗರೇಶನ್‌ನಲ್ಲಿ ಇಡುವುದಿಲ್ಲ. ಅದು ಫ್ಲ್ಯಾಶ್ ಮೆಮೊರಿಯ ಪ್ರತ್ಯೇಕ ಕಡತದಲ್ಲಿರುತ್ತದೆ. ಕೆಟ್ಟ ಸ್ವಿಚ್ಚಿನ ಕಾನ್ಫಿಗರೇಶನ್‌ನ ಬ್ಯಾಕಪ್ಪನ್ನಷ್ಟೇ ಹೊಸದಕ್ಕೆ ತುಂಬಿದರೆ ಎಸ್‌ವಿಐಗಳೂ ವಿಳಾಸಗಳೂ ಬರುತ್ತವೆ, ಅವುಗಳ ಹಿಂದಿನ ವಿಲ್ಯಾನ್‌ಗಳು ಬರುವುದಿಲ್ಲ. ‘ಶೋ ವಿಲ್ಯಾನ್ ಬ್ರೀಫ್’ ನೋಡಿ, ಇಲ್ಲದವನ್ನು ಮತ್ತೆ ಸೃಷ್ಟಿಸಿದ ಮೇಲಷ್ಟೇ ಎಸ್‌ವಿಐಗಳು ಏಳುತ್ತವೆ.