ಚೇಳಿನ ವಿಷ, ರಕ್ತಸಂಚಾರದ ಕುಸಿತ ಮತ್ತು ಜನಪದ ವೈದ್ಯ: ಯಾದಗಿರಿ ಸೀಮೆಯ ಒಂದು ಅವಲೋಕನ

ಯಾದಗಿರಿ, ಶಹಾಪುರ ಮತ್ತು ಸುರಪುರಗಳನ್ನು ಒಳಗೊಂಡ ಸೀಮೆಯು ಕಲ್ಲುಗುಡ್ಡಗಳ ನಾಡು. ಬಂಡೆಯ ಸಂದು, ಕಲ್ಲುಗೋಡೆಯ ಬಿರುಕು, ಕಟ್ಟಿಗೆಯ ರಾಶಿ ಇವು ಚೇಳಿನ ಸಹಜ ನೆಲೆಗಳು. ಈ ಜೀವಿಯನ್ನು ಕುರಿತ ಜನಮನೋಧರ್ಮದಲ್ಲಿ ಭಯ, ಭಕ್ತಿಗಳೆರಡೂ ಬೆರೆತಿವೆ. ಯಾದಗಿರಿ ಜಿಲ್ಲೆಯ ಕಂದಕೂರಿನ ಕೊಂಡಮಾಯಿ ಬೆಟ್ಟದಲ್ಲಿ ನಾಗರಪಂಚಮಿಯಂದು ಚೇಳಿಗೇ ಪೂಜೆ ಸಲ್ಲುತ್ತದೆ. ಭಕ್ತರು ಕಲ್ಲು ಸರಿಸಿ ಚೇಳುಗಳನ್ನು ಹುಡುಕಿ ಮೈಮೇಲೆ ಬಿಟ್ಟುಕೊಳ್ಳುತ್ತಾರೆ. ಕುಟುಕಿದರೆ ದೇವಿಯ ಭಂಡಾರ ಲೇಪಿಸಿದರೆ ಸಾಕೆಂಬುದು ಅವರ ನಂಬಿಕೆ.

ಜನಪದ ವೈದ್ಯದಲ್ಲಿ ವಿಷವು ‘ಏರುತ್ತದೆ’, ಮಂತ್ರಿಸಿದರೆ ‘ಇಳಿಯುತ್ತದೆ’. ಇದನ್ನು ಅಳೆಯುವ ಮಾನದಂಡ ನೋವು. ದೊಡ್ಡ ಕರಿಚೇಳು ಕುಟುಕಿದಾಗ ಉರಿ ವಿಪರೀತವಾದರೂ ಪ್ರಾಣಾಪಾಯ ವಿರಳ. ಕೆಲವು ಗಂಟೆಗಳಲ್ಲಿ ನೋವು ತಾನಾಗಿ ತಗ್ಗುತ್ತದೆ. ಆ ಕೀರ್ತಿ ಮಂತ್ರಕ್ಕೆ ಸಲ್ಲುತ್ತಾ ಬಂದಿದೆ. ಆದರೆ ಗಾತ್ರದಲ್ಲಿ ಚಿಕ್ಕದಾದ ಕೆಂಪು ಚೇಳಿನ ವಿಷಯದಲ್ಲಿ ಈ ಮಾನದಂಡವೇ ಮೋಸಗೊಳಿಸುತ್ತದೆ.

ಕೆಂಪು ಚೇಳಿನ ವಿಷವು ನರಗಳನ್ನು ಕೆರಳಿಸಿ, ಅಡ್ರಿನಲಿನ್‌ನಂತಹ ರಸಗಳು ರಕ್ತದಲ್ಲಿ ಉಕ್ಕುವಂತೆ ಮಾಡುತ್ತದೆ. ರಕ್ತನಾಳಗಳು ಸಂಕೋಚಗೊಂಡು ರಕ್ತದೊತ್ತಡ ಮೊದಲು ಏರುತ್ತದೆ. ಆ ಭಾರಕ್ಕೆ ಹೃದಯ ಸೋತಾಗ ಕುಸಿಯುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ವೈದ್ಯರು ‘ಶಾಕ್’ ಎನ್ನುವ ಸ್ಥಿತಿ ಇದೇ. ವಾಂತಿ, ಧಾರಾಕಾರ ಬೆವರು, ತಣ್ಣಗಾದ ಕೈಕಾಲು, ಏದುಸಿರು, ಸಣ್ಣಗಾಗುವ ನಾಡಿ ಇದರ ಲಕ್ಷಣಗಳು. ಇಂತಹ ರೋಗಿಗೆ ಕುಟುಕಿದ ಜಾಗದಲ್ಲಿ ಹೆಚ್ಚು ನೋವಿಲ್ಲದಿರಬಹುದು. ಹೀಗಾಗಿ ‘ವಿಷ ಇಳಿಯಿತು’ ಎಂದು ಮನೆಯವರು ನೆಮ್ಮದಿ ತಾಳುವ ಹೊತ್ತೇ ಅಪಾಯದ ಹೊತ್ತಾಗಬಲ್ಲದು. ಮಕ್ಕಳಲ್ಲಿ ಈ ಅಪಾಯ ಅಧಿಕ.

ಆಧುನಿಕ ವೈದ್ಯಕ್ಕೂ ಇದರ ಪರಿಹಾರ ತಡವಾಗಿಯೇ ದೊರೆಯಿತು. ಮಹಾರಾಷ್ಟ್ರದ ಕೊಂಕಣ ತೀರದ ಗ್ರಾಮೀಣ ರೋಗಿಗಳ ನಡುವೆ ದುಡಿದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1982ರಲ್ಲಿ ಈ ವಿಷಬಾಧೆಯ ಹೃದಯಸಂಬಂಧಿ ಲಕ್ಷಣಗಳನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ದಾಖಲಿಸಿದರು. ಮುಂದೆ, ಬಿಗಿದ ರಕ್ತನಾಳಗಳನ್ನು ಸಡಿಲಿಸುವ ಪ್ರಾಜೋಸಿನ್ ಮಾತ್ರೆಯ ಬಳಕೆಯನ್ನು ರೂಢಿಗೆ ತಂದರು. ತೀವ್ರ ಬಾಧೆಗೊಳಗಾದವರಲ್ಲಿ ಪ್ರತಿಶತ 30ರಷ್ಟಿದ್ದ ಸಾವು ಇದರಿಂದ ಬಹಳವಾಗಿ ತಗ್ಗಿತು. ಪ್ರಾಜೋಸಿನ್ ಜೊತೆಗೆ ಪ್ರತಿವಿಷವನ್ನೂ ನೀಡಿದರೆ ಚೇತರಿಕೆ ಶೀಘ್ರವಾಗುವುದೆಂಬುದು 2011ರಲ್ಲಿ ಪ್ರಕಟವಾದ ಅವರ ಅಧ್ಯಯನದಿಂದ ತಿಳಿದುಬಂತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಚಿಕಿತ್ಸೆ ಫಲಿಸಿದಾಗ ಕುಟುಕಿದ ಜಾಗದ ನೋವು ಮರಳುತ್ತದೆ ಎಂಬ ಅವರ ಅವಲೋಕನ ಇಲ್ಲಿ ವಿಶೇಷ ಗಮನಾರ್ಹ. ಜನಪದ ವೈದ್ಯವು ಯಾವುದನ್ನು ವಿಷದ ಗುರುತೆಂದು ಬಗೆದಿತ್ತೋ ಅದೇ ಇಲ್ಲಿ ಚೇತರಿಕೆಯ ಗುರುತು.

ಕಾರಣಕ್ಕೆ ತಕ್ಕಂತೆ ಶಾಕ್‌ನ ಚಿಕಿತ್ಸೆಯೂ ಬೇರೆ. ವಾಂತಿಭೇದಿಯಲ್ಲಿ ಕಳೆದ ದ್ರವವನ್ನು ತುಂಬಿಕೊಡುವುದೇ ಮುಖ್ಯ; ಶ್ವಾಸಕೋಶದಲ್ಲಿ ನೀರು ತುಂಬಿದ ಚೇಳುಕಡಿತದ ರೋಗಿಗೆ ರಕ್ತನಾಳದ ಮೂಲಕ ಅತಿಯಾಗಿ ದ್ರವ ಏರಿಸಿದರೆ ಅದೇ ಮುಳುವಾದೀತು. ಆದ್ದರಿಂದ ಈ ನಿರ್ಣಯ ಆಸ್ಪತ್ರೆಯಲ್ಲಿಯೇ ಆಗತಕ್ಕದ್ದು.

ಕೊಂಡಮಾಯಿಯ ಆರಾಧನೆಯು ಚೇಳನ್ನು ಕೊಲ್ಲದೆ ಬದುಕಗೊಡುವ ಒಂದು ವಿವೇಕವನ್ನು ಕಾಯ್ದುಕೊಂಡಿದೆ, ಅದು ಗೌರವಾರ್ಹ. ಆದರೆ ಭಂಡಾರ ಹಚ್ಚಿದ ಮಗುವಿನ ಕೈಕಾಲು ತಣ್ಣಗಿವೆಯೇ, ಮೈ ಬೆವರುತ್ತಿದೆಯೇ ಎಂದು ಮುಟ್ಟಿ ನೋಡಿ, ಆ ಗುರುತು ಕಂಡೊಡನೆ ಆಸ್ಪತ್ರೆಗೆ ಒಯ್ಯುವ ರೂಢಿಯೂ ಆ ವಿವೇಕದೊಡನೆ ಸೇರಬೇಕಾಗಿದೆ.