ಸಣ್ಣ ಗುತ್ತಿಗೆದಾರರು ಮತ್ತು ಟೆಂಡರ್ ಕಾನೂನು

ಸರ್ಕಾರಿ ಕಾಮಗಾರಿಗಳ ಟೆಂಡರಿಗೆ ಕರ್ನಾಟಕದಲ್ಲಿ ಪ್ರತ್ಯೇಕ ಕಾನೂನು ಬಂದದ್ದು ತಡವಾಗಿ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರದ್ದು. ಜಾರಿಯಾದದ್ದು 2000ದ ಅಕ್ಟೋಬರಿನಲ್ಲಿ. ಅದಕ್ಕೂ ಮೊದಲು ಲೋಕೋಪಯೋಗಿ ಇಲಾಖೆಯ ಸಂಹಿತೆ, ಸುತ್ತೋಲೆಗಳೇ ಆಧಾರ. ಕೆಲಸವನ್ನು ತುಂಡುತುಂಡಾಗಿಸಿ ಬೇಕಾದವರಿಗೆ ಹಂಚುವ ತುಂಡು ಗುತ್ತಿಗೆಯೂ ನಡೆಯುತ್ತಿತ್ತು. ಹೊಸ ಕಾನೂನು ಟೆಂಡರನ್ನು ಕಡ್ಡಾಯ ಮಾಡಿತು. ಅದರ ಮೂಲ ನಿಯಮಗಳು ಟೆಂಡರ್ ಸಲ್ಲಿಸಲು 2 ಕೋಟಿ ರೂಪಾಯಿವರೆಗಿನ ಕೆಲಸಕ್ಕೆ ಕನಿಷ್ಠ 30 ದಿನ, ಅದಕ್ಕೆ ಮೇಲ್ಪಟ್ಟದ್ದಕ್ಕೆ 60 ದಿನ ಕಾಲಾವಕಾಶ ಕೊಟ್ಟವು. ಆದರೆ ಕಾನೂನಿನೊಳಗೇ ಒಂದು ಹಿಂಬಾಗಿಲೂ ಉಳಿಯಿತು. 4ನೇ ಪ್ರಕರಣದ ‘ಜಿ’ ಖಂಡದಡಿ ಸರ್ಕಾರ ಅಧಿಸೂಚನೆ ಹೊರಡಿಸಿ ಯಾವುದೇ ಕೆಲಸಕ್ಕೆ ಟೆಂಡರಿನಿಂದ ವಿನಾಯಿತಿ ನೀಡಬಹುದು. 1974ರಲ್ಲಿ ನಿಗಮವಾದ ಭೂಸೇನೆ, ಈಗಿನ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮ, ಮತ್ತು ನಿರ್ಮಿತಿ ಕೇಂದ್ರಗಳಿಗೆ ಹೀಗೆ ಸಿಕ್ಕ ಕೆಲಸಗಳು ಗುತ್ತಿಗೆದಾರರ ಹಳೆಯ ತಕರಾರು.

ಇನ್ನೊಂದು ತಕರಾರು ಪ್ಯಾಕೇಜ್ ಟೆಂಡರಿನದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ, ತ್ಯಾಗಲಿಯಂಥ ಹಳ್ಳಿಗಳಲ್ಲಿ ಕೆಲಸವೆಂದರೆ ಹೆಚ್ಚಾಗಿ ಕಾಲುಸಂಕ, ಮೋರಿ, ತುಸು ದೂರದ ರಸ್ತೆ. ಮಳೆ ಹಿಡಿಯುವ ಮೊದಲೇ ಅವು ಮುಗಿಯಬೇಕು. ಇಂಥ ಹಲವು ಕೆಲಸಗಳನ್ನು ಒಟ್ಟುಗೂಡಿಸಿ ಒಂದೇ ಟೆಂಡರ್ ಕರೆದರೆ ಠೇವಣಿ ಮತ್ತು ವಹಿವಾಟಿನ ಷರತ್ತು ಸ್ಥಳೀಯ ಗುತ್ತಿಗೆದಾರನ ಕೈಗೆಟುಕುವುದಿಲ್ಲ. ದೂರದ ಕಂಪನಿ ಗೆಲ್ಲುತ್ತದೆ. ಅದೇ ಕೆಲಸವನ್ನು ಅದೇ ಸ್ಥಳೀಯನು ಕಡಿಮೆ ದರಕ್ಕೆ ಉಪಗುತ್ತಿಗೆಯಾಗಿ ಹಿಡಿಯುತ್ತಾನೆ. ಅಳತೆ ಪುಸ್ತಕದಲ್ಲಿ ಇರುವುದು ಕಂಪನಿಯ ಹೆಸರು, ಬಿಲ್ಲಿನ ಹಣ ಸೇರುವುದೂ ಅದರ ಖಾತೆಗೆ. ಜಲ್ಲಿ, ಸಿಮೆಂಟು ಸಾಲ ತಂದವನಿಗೆ ಉಳಿಯುವುದು ಬಾಯಿಮಾತು, ಹೆಚ್ಚೆಂದರೆ ಛಾಪಾ ಕಾಗದದ ಕರಾರು.

ಸಂಘಟಿತ ಒತ್ತಡ ರಾಜ್ಯದಾಚೆಗೂ ಸುದ್ದಿಯಾದದ್ದು 2021ರಲ್ಲಿ. ಡಿ. ಕೆಂಪಣ್ಣ ಅಧ್ಯಕ್ಷರಾಗಿದ್ದ ರಾಜ್ಯ ಗುತ್ತಿಗೆದಾರರ ಸಂಘ ಆ ಜುಲೈನಲ್ಲಿ ಪ್ರಧಾನಿಗೆ ಪತ್ರ ಬರೆದು, ಕಾಮಗಾರಿಗಳಲ್ಲಿ ಶೇ 40ರಷ್ಟು ಕಮಿಷನ್ ಕೇಳಲಾಗುತ್ತಿದೆ ಎಂದು ಆರೋಪಿಸಿತು. ಪ್ಯಾಕೇಜ್ ಪದ್ಧತಿ ನಿಲ್ಲಬೇಕು, ಜ್ಯೇಷ್ಠತೆಯ ಪ್ರಕಾರ ಬಾಕಿ ಬಿಲ್ ಪಾವತಿಯಾಗಬೇಕು ಎಂಬವೂ ಸಂಘದ ಬೇಡಿಕೆಗಳು. ಮುಂದೆ ಬಂದ ವಿಧಾನಸಭಾ ಚುನಾವಣೆಯ ಗದ್ದಲದಲ್ಲಿ ಶೇಕಡಾವಾರು ಅಂಕಿಯೊಂದೇ ಜನರ ನೆನಪಿನಲ್ಲಿ ನಿಂತಿತು. 2022ರಲ್ಲಿ 50 ಕೋಟಿಗೆ ಮೇಲ್ಪಟ್ಟ ಟೆಂಡರುಗಳ ಪರಿಶೀಲನೆಗೆ ನಿವೃತ್ತ ನ್ಯಾಯಮೂರ್ತಿಯ ಸಮಿತಿ ರಚನೆಯಾಯಿತು. ಕಮಿಷನ್ ಆರೋಪದ ತನಿಖೆಗೆ 2023ರಲ್ಲಿ ಹೊಸ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ 2025ರ ಮಾರ್ಚಿನಲ್ಲಿ ವರದಿ ಕೊಟ್ಟಿತು.

ಕಾನೂನನ್ನೇ ಬದಲಿಸುವುದರಲ್ಲಿ ಹೆಚ್ಚು ಫಲ ಕಂಡವರು ಪರಿಶಿಷ್ಟ ಜಾತಿ, ಪಂಗಡಗಳ ಗುತ್ತಿಗೆದಾರರು. 2016ರ ತಿದ್ದುಪಡಿ 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಅವರಿಗೆ ಕ್ರಮವಾಗಿ ಶೇ 17.15 ಮತ್ತು ಶೇ 6.95 ಮೀಸಲಿಟ್ಟಿತು, 2023ರಲ್ಲಿ ಮಿತಿ 1 ಕೋಟಿಗೆ ಏರಿತು. ಅದನ್ನು 2 ಕೋಟಿಗೆ ಏರಿಸಿ, ಮುಸ್ಲಿಮರಿರುವ ಪ್ರವರ್ಗ 2ಬಿಗೂ ಪಾಲು ಕೊಡುವ 2025ರ ಮಸೂದೆಯನ್ನು ರಾಜ್ಯಪಾಲರು ರಾಷ್ಟ್ರಪತಿಗೆ ಕಾಯ್ದಿರಿಸಿದರು.

ಈ ತಿದ್ದುಪಡಿಗಳೆಲ್ಲ ಟೆಂಡರ್ ಯಾರಿಗೆ ಎಂಬುದನ್ನು ಕುರಿತವು. ಕೆಲಸ ಮುಗಿಸಿದ ಉಪಗುತ್ತಿಗೆದಾರನಿಗೆ ಹಣ ಯಾವಾಗ ಎಂಬ ಪ್ರಶ್ನೆಗೆ 1999ರ ಅಧಿನಿಯಮ ಕೈಹಾಕಿಲ್ಲ. ‘ಮೇಲಿನಿಂದ ಬಂದ ಮೇಲೆ ಕೊಡುತ್ತೇನೆ’ ಎಂಬ ಷರತ್ತನ್ನು ಬ್ರಿಟನ್ 1996ರ ಕಾಯ್ದೆಯಲ್ಲೇ ಬಹುಮಟ್ಟಿಗೆ ಅಸಿಂಧುಗೊಳಿಸಿದೆ. ಭಾರತದಲ್ಲಿ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು ವಿಧಿಸಿತ್ತು. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಉಪಗುತ್ತಿಗೆದಾರನೂ ಗುತ್ತಿಗೆದಾರನೇ. ಹಾಗಾಗಿ ಕೂಲಿ ಕೊಡುವ ಹೊಣೆ ಅವನ ಮೇಲಿತ್ತು, ಕೂಲಿಯವರಿಗಿದ್ದ ರಕ್ಷಣೆ ಅವನಿಗಿರಲಿಲ್ಲ.